ಇನಿಟ್ ರಾಯರು

ಬೆಂಗಳೂರಿನ ಯಾವ ಹಳೇ ಸಾಫ್ಟ್‌ವೇರ್ ಕಂಪನಿಗೆ ಹೋದರೂ ಸರ್ವರ್ ರೂಮಿನ ಬಾಗಿಲ ಪಕ್ಕದ ಮೇಜಿನಲ್ಲಿ ಇವರೊಬ್ಬರು ಸಿಕ್ಕೇ ಸಿಗುತ್ತಾರೆ. ಏಪ್ರಿಲ್ ಬಿಸಿಲಲ್ಲೂ ಮೈಮೇಲೆ ಸ್ವೆಟರ್. ಯಂತ್ರಗಳಿಗೆಂದು ಹಾಕಿದ ಎ.ಸಿ.ಯಲ್ಲೇ ಅರ್ಧ ಆಯುಷ್ಯ ಕಳೆದವರು. ಮೊದಲ ಲಿನಕ್ಸ್ ಇವರಿಗೆ ಸಿಕ್ಕಿದ್ದು ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ. ಆ ಸಿ.ಡಿ. ಈಗಲೂ ಡ್ರಾಯರಿನಲ್ಲಿದೆ, ಅದನ್ನು ಓದುವ ಡ್ರೈವು ಮಾತ್ರ ಇಡೀ ಆಫೀಸಿನಲ್ಲಿ ಇಲ್ಲ. ಸರ್ವೀಸ್ ರೆಕಾರ್ಡಿನಲ್ಲಿ ಹೆಸರು ಏನೇ ಇರಲಿ, ಹುಡುಗರ ಬಾಯಲ್ಲಿ ಇನಿಟ್ ರಾಯರು.

ಇನಿಟ್ ಅಂದರೆ ಯಂತ್ರ ಎದ್ದ ಕೂಡಲೇ ಕರ್ನಲ್ ಮೊಟ್ಟಮೊದಲು ಚಾಲೂ ಮಾಡುವ ಪ್ರೋಗ್ರಾಮು. ಪ್ರೊಸೆಸ್ ನಂಬರ್ 1. ಮಿಕ್ಕವರನ್ನೆಲ್ಲ ಎಬ್ಬಿಸುವುದು ಅದರ ಕೆಲಸ. ರಾಯರು ಕಲಿತದ್ದು ಯುನಿಕ್ಸ್ ಸಿಸ್ಟಮ್ ಫೈವ್‌ನ ಪದ್ಧತಿ. ಸೊನ್ನೆಯಿಂದ ಆರರವರೆಗೆ ರನ್‌ಲೆವೆಲ್, ಒಂದೊಂದಕ್ಕೂ ಒಂದು ಡೈರೆಕ್ಟರಿ, ಅದರೊಳಗೆ ಎಸ್20, ಎಸ್21 ಎಂದು ನಂಬರು ಹೊತ್ತ ಶೆಲ್ ಸ್ಕ್ರಿಪ್ಟುಗಳು. ನಮ್ಮಲ್ಲಿದ್ದ ಸ್ಕ್ರಿಪ್ಟುಗಳಲ್ಲಿ ಮುಕ್ಕಾಲು ಪಾಲು ರಾಯರ ಸ್ವಹಸ್ತದವು. ಡೇಟಾಬೇಸ್ ಏಳಿಸುವ ಸ್ಕ್ರಿಪ್ಟಿನ ನಡುವೆ ‘ಸ್ಲೀಪ್ 10’ ಎಂಬ ಸಾಲಿತ್ತು. ಯಾಕೆ ಹತ್ತು ಸೆಕೆಂಡ್ ನಿದ್ದೆ ಎಂದು ಕೇಳಿದರೆ, “ಇರಲಿ ಬಿಡು ಮರೀ, ಅದಕ್ಕೊಂದು ಕಾರಣ ಇದೆ” ಎನ್ನುತ್ತಿದ್ದರು. ಕಾರಣ ಅವರಿಗೂ ಮರೆತಿತ್ತೆಂದು ನನ್ನ ಗುಮಾನಿ.

2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ಎಂಬ ಹೊಸ ಇನಿಟ್ ತಂದರು. ನಂಬರಿನ ಸಾಲು ಬೇಡ, ಪರಸ್ಪರ ಕಾಯಬೇಕಿಲ್ಲದವರೆಲ್ಲ ಒಟ್ಟಿಗೆ ಏಳಲಿ. ಇನ್ನೂರು ಸಾಲಿನ ಸ್ಕ್ರಿಪ್ಟು ಬೇಡ, ಹತ್ತು ಸಾಲಿನ ಯುನಿಟ್ ಫೈಲ್ ಸಾಕು. ಲಿನಕ್ಸ್ ವಿತರಣೆಗಳ ಪೈಕಿ 2011ರಲ್ಲಿ ಫೆಡೋರಾ ಒಪ್ಪಿತು, 2014ರಲ್ಲಿ ರೆಡ್ ಹ್ಯಾಟ್‌ನ ಆರ್‌ಎಚ್‌ಇಎಲ್ 7, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04. ಒಂದೊಂದು ಸುದ್ದಿ ಬಂದಾಗಲೂ ರಾಯರ ಮುಖದಲ್ಲಿ ಸೂತಕದ ಕಳೆ. ಸಿಸ್ಟಮ್‌ಡಿಯನ್ನು ಆರಿಸಿದ ಡೆಬಿಯನ್ ತಾಂತ್ರಿಕ ಸಮಿತಿಯ ಕಥೆಯನ್ನಂತೂ ತಾವೇ ಬಾಗಿಲ ಸಂದಿಯಿಂದ ನೋಡಿದವರ ಹಾಗೆ ಹೇಳುತ್ತಿದ್ದರು. “ಎಂಟೇ ಜನ. ನಾಲ್ಕು ಈ ಕಡೆ, ನಾಲ್ಕು ಆ ಕಡೆ. ಅಧ್ಯಕ್ಷರ ಒಂದು ನಿರ್ಣಾಯಕ ಮತ! ಪಂಚಾಯ್ತಿ ಎಲೆಕ್ಷನ್ನಲ್ಲೂ ಇಷ್ಟು ಕಡಿಮೆ ಅಂತರ ಇರಲ್ಲಪ್ಪಾ.”

ದೂರುಗಳ ಪಟ್ಟಿ ಉದ್ದ. ಲಾಗ್ ಓದಲು ಮೊದಲು ‘ಟೇಲ್’ ಸಾಕಿತ್ತು, ಈಗ ಅದು ಬೈನರಿ, ‘ಜರ್ನಲ್‌ಸಿಟಿಎಲ್’ ಕೃಪೆ ಬೇಕು. ‘ಇಟಿಎಚ್0’ ಎಂದು ಮುದ್ದಾಗಿದ್ದ ನೆಟ್‌ವರ್ಕ್ ಕಾರ್ಡಿಗೆ ‘ಇಎನ್‌ಪಿ3ಎಸ್0’ ಎಂಬ ಲಾರಿ ನಂಬರು. ಎಲ್ಲಕ್ಕಿಂತ ದೊಡ್ಡ ನೋವು ಬೆರಳಿನದು. ಮೊದಲು ‘ಸರ್ವಿಸ್ ಅಪಾಚೆ2 ರೀಸ್ಟಾರ್ಟ್’ ಅಂತಿದ್ದದ್ದು ಈಗ ‘ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಅಪಾಚೆ2’. ಹೆಸರು ಹಿಂದೆ, ಕೆಲಸ ಮುಂದೆ. ಅಷ್ಟು ವರ್ಷ ಪಳಗಿದ ಬೆರಳುಗಳು ಸಿಸ್ಟಮ್‌ಸಿಟಿಎಲ್ ಮುಂದೆಯೂ ಹಳೆಯ ಕ್ರಮದಲ್ಲೇ ಬರೆಯುತ್ತವೆ, ಯಂತ್ರ ಬೈಯುತ್ತದೆ, ರಾಯರು ವಾಪಸ್ ಬೈಯುತ್ತಾರೆ.

ನಮ್ಮ ಡೆಬಿಯನ್ 7 ಸರ್ವರುಗಳನ್ನು ರಾಯರು ಆದಷ್ಟು ದಿನ ಮುಟ್ಟಗೊಡಲಿಲ್ಲ. 2018ರ ಮೇ ಕೊನೆಗೆ ಅದರ ದೀರ್ಘಾವಧಿ ಬೆಂಬಲವೂ ಮುಗಿಯುವುದೆಂದಾಗ ವಿಧಿಯಿಲ್ಲ. ಸಿಸ್ಟಮ್‌ಡಿ ಬರದಂತೆ ಪ್ಯಾಕೇಜ್ ಪಿನ್ ಮಾಡಿ ತಡೆಯಬಹುದು ಎಂದು ಮ್ಯಾನೇಜರಿಗೆ ಅರ್ಧ ಗಂಟೆ ವಿವರಿಸಿದರು. ಆತ ಕೇಳಿದ್ದು ಒಂದೇ ಪ್ರಶ್ನೆ: “ನೀವು ರಜೆ ಹಾಕಿದ ದಿನ ಯಾರು ನೋಡ್ಕೋತಾರೆ ಸರ್?” ರಾಯರು ರಜೆ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಆದರೂ ಪ್ರಶ್ನೆ ಗೆದ್ದಿತು.

ಶನಿವಾರ ರಾತ್ರಿ ಅಪ್‌ಗ್ರೇಡ್. ರೀಬೂಟ್ ಆಯಿತು. ಪರದೆಯ ಮೇಲೆ ಕೆಂಪು ಚುಕ್ಕಿಗಳು ಆಚೀಚೆ ಓಡಾಡಿದವು. ಯಾವುದೋ ಡಿಸ್ಕಿಗಾಗಿ ಒಂದೂವರೆ ನಿಮಿಷ ಕಾಯುತ್ತೇನೆ ಎಂದಿತು ಯಂತ್ರ. ಕಾಯಿತು. ಆಮೇಲೆ ಇಂಗ್ಲಿಷಿನಲ್ಲಿ, ಎಮರ್ಜೆನ್ಸಿ ಮೋಡ್‌ಗೆ ಸ್ವಾಗತ ಎಂದು ತೋರಿಸಿ ರೂಟ್ ಪಾಸ್‌ವರ್ಡ್ ಕೇಳುತ್ತಾ ನಿಂತಿತು.

“ಎಪ್ಪತ್ತೈದರಲ್ಲೂ ಯಾರೂ ಎಮರ್ಜೆನ್ಸಿಗೆ ಸ್ವಾಗತ ಅಂತ ಬೋರ್ಡ್ ಹಾಕಿರಲಿಲ್ಲ!” ಎಂದರು ರಾಯರು.

ಹುಡುಗರ ಮುಖ ಬಿಳಿಚಿತು. ರಾಯರ ಮುಖದಲ್ಲಿ ಮಾತ್ರ ಮದುವೆಮನೆಯ ಕಳೆ. ಸ್ವೆಟರಿನ ತೋಳು ಮಡಿಸಿ ಕೂತವರು ಎರಡೇ ನಿಮಿಷದಲ್ಲಿ ರೋಗ ಹಿಡಿದರು. ಎಂದೋ ಕಿತ್ತುಹಾಕಿದ್ದ ಬ್ಯಾಕಪ್ ಡಿಸ್ಕಿನ ಸಾಲು ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬಿನಲ್ಲಿ ಹಾಗೇ ಉಳಿದಿತ್ತು. ಹಳೇ ಇನಿಟ್ ಅಂಥವನ್ನು ಕಂಡರೆ ಒಂದು ಸಲ ಗೊಣಗಿ ಮುಂದೆ ಹೋಗುತ್ತಿತ್ತು. ಸಿಸ್ಟಮ್‌ಡಿ ಹಟ ಹಿಡಿಯುತ್ತದೆ. ‘ನೋಫೇಲ್’ ಎಂದೊಂದು ಪದ ಸೇರಿಸಿದರೆ ಸಾಕು. ಅದು ಡೆಬಿಯನ್ 8ರ ಬಿಡುಗಡೆ ಟಿಪ್ಪಣಿಯಲ್ಲೇ ಇದೆ. ಅದನ್ನು ಓದಿದ್ದವರು ಆ ಕೋಣೆಯಲ್ಲಿ ಒಬ್ಬರೇ, ಸಿಸ್ಟಮ್‌ಡಿಯ ಕಡುವೈರಿ.

ಜಯವಿಜಯರಿಗೆ ಶಾಪ ಬಂದಾಗ ಏಳು ಜನ್ಮ ಭಕ್ತರಾಗುವಿರೋ, ಮೂರು ಜನ್ಮ ವೈರಿಗಳಾಗುವಿರೋ ಎಂದು ಕೇಳಿದ್ದಕ್ಕೆ ಅವರು ವೈರವನ್ನೇ ಆರಿಸಿಕೊಂಡರಂತೆ. ರಾಯರು ಆ ವಂಶದವರು. ಸಿಸ್ಟಮ್‌ಡಿ ಒಳ್ಳೆಯದು ಎನ್ನುವ ಹುಡುಗರಿಗೆ ಗೊತ್ತಿರುವುದು ಸ್ಟಾರ್ಟ್, ಸ್ಟಾಪ್, ಸ್ಟೇಟಸ್. ರಾಯರು ಪ್ರತಿ ಆವೃತ್ತಿಯ ಬದಲಾವಣೆ ಪಟ್ಟಿಯನ್ನೂ ತಪ್ಪು ಹುಡುಕಲೆಂದೇ ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. 2016ರ 230ನೇ ಆವೃತ್ತಿಯಲ್ಲಿ ಲಾಗೌಟ್ ಆದರೆ ಬಳಕೆದಾರನ ಪ್ರೊಸೆಸ್‌ಗಳನ್ನೆಲ್ಲ ಮುಗಿಸಿಬಿಡುವುದೇ ಮಾಮೂಲು ಎಂದು ಮಾಡಿದ್ದನ್ನು ಮೊನ್ನೆ ನಡೆದ ಕೊಲೆಯಂತೆ ವರ್ಣಿಸುತ್ತಾರೆ.

ಅವರು ಮನಸಾರೆ ಮೆಚ್ಚಿದ ಸೌಲಭ್ಯ ಒಂದಿದೆ: ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’. ಬೂಟ್ ಆಗುವಾಗ ಯಾರು ಎಷ್ಟು ಹೊತ್ತು ತಿಂದರೆಂದು ಹೆಸರು ಹಿಡಿದು ಹೇಳುವ ಕಮಾಂಡು. ಆ ರಾತ್ರಿ ಅದನ್ನು ಓಡಿಸಿದಾಗ ಪಟ್ಟಿಯ ನೆತ್ತಿಯ ಮೇಲೆ ಕೂತಿದ್ದದ್ದು ರಾಯರದೇ ಡೇಟಾಬೇಸ್ ಸ್ಕ್ರಿಪ್ಟು. ಹತ್ತು ಸೆಕೆಂಡಿಗೆ ತುಸು ಮೇಲೆ. ಹುಡುಗರು ನಗು ನುಂಗಿಕೊಂಡರು. “ಹತ್ತು ಸೆಕೆಂಡ್ ತಡೆಯೋಕಾಗಲ್ಲ ನಿಮಗೆ. ಸಿಲ್ಕ್ ಬೋರ್ಡಲ್ಲಿ ಒಂದು ಗಂಟೆ ತಡೀತೀರಾ!”

2022ರಲ್ಲಿ ಪೊಯೆಟರಿಂಗ್ ಮೈಕ್ರೋಸಾಫ್ಟ್ ಸೇರಿದ ಸುದ್ದಿಗೆ ರಾಯರು ಆಫೀಸಿಗೆಲ್ಲ ಮೈಸೂರ್ ಪಾಕ್ ಹಂಚಿದರು. ಮರುವರ್ಷ ಡಿಸೆಂಬರಿನಲ್ಲಿ 255ನೇ ಆವೃತ್ತಿ ಬಂತು. ಬೂಟ್ ಕೆಟ್ಟರೆ ವಿಂಡೋಸ್‌ನ ಹಾಗೆ ನೀಲಿ ಪರದೆ ತೋರಿಸುವ ಏರ್ಪಾಡು ಅದರಲ್ಲಿ. ಬೆಳಿಗ್ಗೆ ಆರಕ್ಕೇ ರಾಯರ ಫೋನು. “ನಾನು ಹೇಳಿರಲಿಲ್ವಾ? ಹೇಳಿರಲಿಲ್ವಾ? ಕೊನೆಗೂ ನೀಲಿ ಪರದೆ!” ಎಂದು ಹತ್ತು ನಿಮಿಷ ಕೂಗಾಡಿ, ಆಮೇಲೆ ದನಿ ತಗ್ಗಿಸಿ, “ಅದರಲ್ಲಿ ಕ್ಯೂಆರ್ ಕೋಡ್ ಬೇರೆ ಬರುತ್ತಂತೆ ಕಣಯ್ಯಾ. ಒಂದು ಟೆಸ್ಟ್ ಮೆಷೀನ್ ಖಾಲಿ ಇದೆಯಾ ನೋಡು, ಕೆಡಿಸಿ ನೋಡೋಣ.”