ಸಂಬಳವಿಲ್ಲದ ಮೇಷ್ಟ್ರು

ಅಂಚೆ ಗುಮಾಸ್ತನಾಗಿ ನಾನು ಮಾಡಿದ ದೊಡ್ಡ ಕೆಲಸವೆಂದರೆ ಕೊಪ್ಪ ಸೀಮೆಯ ಹೆಬ್ಬೆರಳುಗಳಿಗೆ ಮಸಿ ಹಚ್ಚಿದ್ದು. ಬಂದ ಕಾಗದಗಳನ್ನು ಓದಿ ಹೇಳುವವನೂ ನಾನೇ. ಯಾರ ಮಗ ಸಾಲ ಮಾಡಿದ, ಯಾರ ಅಳಿಯ ಮುನಿಸಿಕೊಂಡ ಎಂಬುದೆಲ್ಲ ಆ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ನಿವೃತ್ತಿಯೊಂದಿಗೆ ಈ ಮನರಂಜನೆ ನಿಂತಿತು. ಅಡುಗೆಮನೆಗೆ ಹೋಗಿ ಸಲಹೆ ಕೊಡತೊಡಗಿದೆ. 'ಎಲ್ಲಾದ್ರೂ ಹೋಗಿ ಪಾಠನಾದ್ರೂ ಹೇಳಿ ಮಾರಾಯ್ರೆ' ಎಂದಳು ಹೆಂಡತಿ. ನನ್ನ ನೇಮಕಾತಿ ಆದೇಶ ಅದೇ.

ಹಾಗೆ ನಾನು ಸೇರಿಕೊಂಡ 'ಉಲ್ಲಾಸ್' ಸಾಕ್ಷರತಾ ಕಾರ್ಯಕ್ರಮ 2022ರಿಂದ 2027ರವರೆಗಿನದು. 15 ವರ್ಷ ದಾಟಿದವರು ಕಲಿಯಬಹುದು. ಕಲಿಸುವ ಸ್ವಯಂಸೇವಕರಿಗೆ ಸಂಬಳವಿಲ್ಲ; 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್ ಕಾಲದವರಿಗೂ ಸಿಕ್ಕಿದ್ದು ಇಷ್ಟೇ.

ಅಕ್ಷರಕ್ಕೆ ಹೆಸರಾದ ಸೀಮೆ ನಮ್ಮದು. ಕುವೆಂಪು ಹುಟ್ಟಿದ ಹಿರೇಕೊಡಿಗೆ ನಮ್ಮ ತಾಲ್ಲೂಕಿನದು. ಪಕ್ಕದ ಶೃಂಗೇರಿಗೆ, ಶಾರದೆಯ ಸನ್ನಿಧಿಯಲ್ಲಿ ಅಕ್ಕಿಯ ಮೇಲೆ ಅಕ್ಷರ ತಿದ್ದಿಸಲು ಎಲ್ಲೆಲ್ಲಿಂದಲೋ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಅದೇ ಶಾರದೆಗೆ ವರ್ಷವರ್ಷವೂ ಕೈಮುಗಿದ ನನ್ನ ವಿದ್ಯಾರ್ಥಿನಿಯರನ್ನು ಮಾತ್ರ ಯಾರೂ ಎತ್ತಿಕೊಂಡು ಹೋಗಿರಲಿಲ್ಲ.

ಅಡಿಕೆ ಸುಲಿತದ ಕಾಲದಲ್ಲಿ ಅವರು ಮೆಟ್ಟುಕತ್ತಿ ಬಿಟ್ಟು ಏಳುವವರಲ್ಲ. ಕೂಲಿ, ಸುಲಿದ ಡಬ್ಬದ ಲೆಕ್ಕದಲ್ಲಿ. ಹಾಗಾಗಿ ಸ್ಲೇಟು ಹಿಡಿದು ನಾನೇ ಜಗಲಿಗೆ ಹೋಗುತ್ತೇನೆ. ಉಲ್ಲಾಸ್ ಪರೀಕ್ಷೆಯ 150 ಅಂಕಗಳಲ್ಲಿ 50 ಲೆಕ್ಕಕ್ಕೆ ಎಂದು ಒಂದು ಕೂಡುವ ಲೆಕ್ಕ ಕೊಟ್ಟೆ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಉತ್ತರ ಬಂತು.

'ಲೆಕ್ಕ ನಮಗೆ ಬರ್ತದೆ ಮೇಷ್ಟ್ರೆ. ಬಸ್ಸಿನ ಬೋರ್ಡು ಓದೋದು ಹೇಳಿ.'

'ಕೊಪ್ಪ' ಬರೆದೆ. ಮೊದಲ ಊರಿಗೇ ಒತ್ತಕ್ಷರ! 'ಶೃಂಗೇರಿ'ಯಂತೂ ಕೇಳಲೇ ಬೇಡಿ. 'ನರಸಿಂಹರಾಜಪುರ' ಬರೆದು ಮುಗಿಸಿದಾಗ ಹಿರಿಯಾಕೆ ನಕ್ಕರು: 'ಇದನ್ನ ಓದಿ ಮುಗಿಸೋದ್ರೊಳಗೆ ಬಸ್ಸು ಊರು ಮುಟ್ಟಿರ್ತದೆ. ಎನ್.ಆರ್.ಪುರ ಅಂತ ಬರೀರಿ ಸಾಕು.'

ಬರೆದೆ. ಶಿಷ್ಯರ ಮಾತು ಕೇಳುವ ಅಭ್ಯಾಸ ಅಂಚೆ ಇಲಾಖೆ ಕಲಿಸಿರಲಿಲ್ಲ.

ಪ್ರತಿಫಲದ ವಿಷಯ. ಮಳೆಗಾಲದಲ್ಲಿ ಪತ್ರೊಡೆ, ಕಳಲೆ ಪಲ್ಯ ತಪ್ಪದೆ ಬರುತ್ತವೆ, ಸರ್ಕಾರ ಕೊಡದಿದ್ದರೇನಂತೆ. ಆದರೆ ನಿಜವಾದ ಪ್ರತಿಫಲ ಕೈಗೆ ಬಂದದ್ದು ಮೊನ್ನೆ. ಅದೇ ಹಿರಿಯಾಕೆಯ ಮೊಬೈಲಿಗೆ ಬೆಂಗಳೂರಿನ ಮಗಳ ಮೆಸೇಜು ಬಂತು. ಹಳೆಯ ಚಾಳಿ, ಕೈ ಚಾಚಿದೆ. ಅವರು ಕೊಡಲಿಲ್ಲ. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಕೊನೆಯವರೆಗೂ ಓದಿ, ಮೊಬೈಲನ್ನು ಸೆರಗಿನಲ್ಲಿ ಕಟ್ಟಿಕೊಂಡರು.

'ಏನಂತೆ ಅಕ್ಕ?'

'ಅದು ನಮ್ಮನೆ ವಿಷಯ ಮೇಷ್ಟ್ರೆ.'

ಪಿಂಚಣಿ ಕೈಗೆ ಬಂದ ದಿನವೂ ನನಗೆ ಇಷ್ಟು ಖುಷಿಯಾಗಿರಲಿಲ್ಲ. ನಿವೃತ್ತರೇ, ಹತ್ತಿರದ ಸರ್ಕಾರಿ ಶಾಲೆಯಲ್ಲಿ ವಿಚಾರಿಸಿ, ಸ್ವಯಂಸೇವಕರಾಗಿ ಹೆಸರು ಬರೆಸಿ. ಊರಿನ ಸುದ್ದಿ ಸಿಗುತ್ತದೆಂಬ ಆಸೆ ಇಟ್ಟುಕೊಂಡು ಮಾತ್ರ ಬರಬೇಡಿ.