ನಾಲ್ಕನೇ ನಂಬರಿನ ಗಾಳಿ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅರ್ಧ ನೀಲಿ, ಅರ್ಧ ಕೆಂಪು ಗುರುತಿನ ಒಂದು ನಾಬ್ ಇರುತ್ತದೆ. ರಾಯಚೂರು, ಕಲಬುರಗಿ ಕಡೆಯ ಕಾರುಗಳಲ್ಲಿ ಅದನ್ನು ಕೆಂಪಿನ ಕಡೆಗೆ ತಿರುಗಿಸಿದವರು ಯಾರೂ ಇರಲಿಕ್ಕಿಲ್ಲ. ಸೂರ್ಯನೇ ಪುಕ್ಕಟೆ ಕೊಡುತ್ತಿರುವಾಗ ಕಾರಿನವರ ಹತ್ತಿರ ಯಾರು ಬಿಸಿ ಕೇಳುತ್ತಾರೆ? ಜುಲೈ ತಿಂಗಳ ಮಲೆನಾಡಿನ ಮಾತೇ ಬೇರೆ. ಅಲ್ಲಿ ಮನುಷ್ಯರು ಕಂಬಳಿ ಹೊದ್ದಾದರೂ ಸುಧಾರಿಸಿಕೊಳ್ಳುತ್ತಾರೆ. ಹೀಟರ್ ಬೇಕಾಗುವುದು ಮುಂದಿನ ಗಾಜಿಗೆ.

ಒದ್ದೆ ಬಟ್ಟೆ, ಒದ್ದೆ ಕೊಡೆ ಸಮೇತ ನಾಲ್ಕು ಜನ ಕಾರು ಹತ್ತಿ ಕಿಟಕಿ ಏರಿಸಿದರೆ ಸಾಕು, ಕೊಟ್ಟಿಗೆಹಾರ ಬರುವಷ್ಟರಲ್ಲಿ ಗಾಜು ಒಳಗಿನಿಂದ ಮಬ್ಬು. ಹೊರಗಿನ ಮಂಜಿಗೆ ದೇವರು ಹೊಣೆ, ಒಳಗಿನ ಮಬ್ಬಿಗೆ ನಮ್ಮದೇ ಉಸಿರು ಹೊಣೆ. ಆಗ ಪಕ್ಕದ ಸೀಟಿನಲ್ಲಿ ಕೂತವರು ಹಳೇ ಬನಿಯನ್ನಿನ ಚೂರು ಹಿಡಿದು ಒಳಗಿನ ವೈಪರ್ ಆಗಬೇಕು. ನಮ್ಮ ಮನೆಯಲ್ಲಿ ಈ ಹುದ್ದೆ ಹೆಂಡತಿಯದು. ಸಂಬಳವೂ ಇಲ್ಲ, ಬಡ್ತಿಯೂ ಇಲ್ಲ ಎಂಬುದು ಅವಳ ಬಹುಕಾಲದ ದೂರು.

ಶಾಸ್ತ್ರೋಕ್ತ ಪರಿಹಾರವೊಂದಿದೆ: ಎಸಿಯನ್ನೂ ಹೀಟರನ್ನೂ ಒಟ್ಟಿಗೇ ಹಾಕುವುದು. ಹೇಳಿದರೆ ಜನ ನಗುತ್ತಾರೆ. ಆದರೆ ಎಸಿಯ ತಣ್ಣನೆಯ ಕಾಯಿಲ್ ಗಾಳಿಯ ತೇವವನ್ನು ನೀರಾಗಿಸಿ ಕಾರಿನಡಿಗೆ ತೊಟ್ಟಿಕ್ಕಿಸುತ್ತದೆ. ಒಣಗಿದ ಗಾಳಿಯನ್ನು ಹೀಟರ್ ಬಿಸಿ ಮಾಡುತ್ತದೆ. ಆ ಗಾಳಿ ಗಾಜಿನ ಮಬ್ಬನ್ನು ಗಳಿಗೆಯಲ್ಲಿ ಹೀರಿಬಿಡುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಮಾತ್ರ ಆಫ್ ಇರಬೇಕು.

ಇಷ್ಟೆಲ್ಲ ನಡೆಯಲು ಗಾಳಿಯನ್ನು ತಳ್ಳುವವನೊಬ್ಬ ಬೇಕಲ್ಲ, ಅವನೇ ಬ್ಲೋವರ್. ಹೋದ ಮಳೆಗಾಲದಲ್ಲಿ ನಮ್ಮ ಬ್ಲೋವರ್ ಒಂದು, ಎರಡು, ಮೂರಕ್ಕೆ ಉಸಿರೆತ್ತದೆ, ನಾಲ್ಕಕ್ಕೆ ಇಟ್ಟೊಡನೆ ಭೋರ್ಗರೆಯತೊಡಗಿತು. ಪ್ರತಿ ಮನೆತನದಲ್ಲೂ ಇಂಥ ಒಬ್ಬ ದೊಡ್ಡಪ್ಪ ಇರುತ್ತಾರೆ: ಸುಮ್ಮನಿದ್ದರೆ ದಿನವಿಡೀ ಸುಮ್ಮನೆ, ಬಾಯಿ ಬಿಟ್ಟರೆ ಮೂರನೇ ಮನೆಗೆ ಕೇಳಬೇಕು. ಕಾರಿನಲ್ಲಿ ನಮ್ಮ ಸಂಸಾರದ ಮಾತುಕತೆಯೂ ಅದೇ ಸ್ಥಾಯಿಗೆ ಏರಿತು. ಟೋಲ್ ಗೇಟಿನ ಹುಡುಗ ನಾವು ಜಗಳವಾಡುತ್ತಿದ್ದೇವೆ ಎಂದುಕೊಂಡು ಚಿಲ್ಲರೆಯನ್ನು ಬಹಳ ಮರ್ಯಾದೆಯಿಂದ ಕೊಟ್ಟ.

ಕಾರು ಕೆಟ್ಟರೆ ಮನುಷ್ಯ ಒಂಟಿಯಲ್ಲ. ಪಕ್ಕದ ಮನೆಯವರು ಮೋಟರ್ ಹೋಗಿದೆ ಅಂದರು. ಭಾವ ಗ್ಯಾಸ್ ಖಾಲಿ ಅಂದ. ಸ್ಕೂಟರ್ ಬಿಟ್ಟು ಬೇರೇನನ್ನೂ ಓಡಿಸದ ನಮ್ಮ ಮೇಷ್ಟ್ರು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿಸಿ ಅಂದರು. ಗ್ಯಾರೇಜಿನ ಮೆಕ್ಯಾನಿಕ್ ಮಾತ್ರ ಬಾನೆಟ್ಟನ್ನೂ ಎತ್ತದೆ ಒಂದು ಪ್ರಶ್ನೆ ಕೇಳಿದ: "ನಾಲ್ಕರಲ್ಲಿ ತಿರುಗ್ತದಾ ಸಾರ್?"

"ತಿರುಗ್ತದೆ."

"ಹಾಗಿದ್ರೆ ಮೋಟ್ರೂ ಚೆನ್ನಾಗಿದೆ, ಫ್ಯೂಸೂ ಚೆನ್ನಾಗಿದೆ. ರೆಸಿಸ್ಟರ್ ಹೋಗಿದೆ."

ನ್ಯಾಯಶಾಸ್ತ್ರದ ಪಂಡಿತರು ಮೆಚ್ಚುವಂಥ ಅನುಮಾನ ಪ್ರಮಾಣ. ಮೊದಲ ಮೂರು ವೇಗಗಳಿಗೆ ಹೋಗುವ ಕರೆಂಟು ಈ ರೆಸಿಸ್ಟರಿನೊಳಗೆ ಹಾದು, ಅಲ್ಲಿ ಒಂದಿಷ್ಟು ಸುಂಕ ಕೊಟ್ಟು ಮೋಟರಿಗೆ ತಲುಪುತ್ತದೆ. ನಾಲ್ಕನೆಯದು ಸುಂಕ ಕಟ್ಟದೆ ನೇರವಾಗಿ ಹೋಗುತ್ತದೆ. ಸುಂಕದ ಕಟ್ಟೆ ಸುಟ್ಟುಹೋದರೆ ನಾಲ್ಕನೆಯವನಿಗೇನು ನಷ್ಟ? ನಾಬಿನಿಂದ ಗಾಳಿ ಹೆಚ್ಚುಕಡಿಮೆ ಮಾಡುವ ಬಹುತೇಕ ಹಳೆಯ ಕಾರುಗಳ ವ್ಯವಸ್ಥೆ ಇದೇ.

ಗ್ಲೋವ್ ಬಾಕ್ಸ್ ಕಳಚಿ, ಎರಡು ಸ್ಕ್ರೂ ಬಿಚ್ಚಿ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ವಸ್ತುವನ್ನು ಅವನು ಹೊರಗೆ ತೆಗೆದ. ಹೊಸದಕ್ಕೆ ಕೆಲವು ನೂರು ರೂಪಾಯಿ. ಅಷ್ಟಕ್ಕೇ ಬಿಟ್ಟಿದ್ದರೆ ಅವನೂ ಹತ್ತರಲ್ಲಿ ಹನ್ನೊಂದನೆಯವ. ಅವನು ಕ್ಯಾಬಿನ್ ಫಿಲ್ಟರನ್ನೂ ಎಳೆದ. ಅದರ ಹಿಂದೆ ಹತ್ತಿ, ಭತ್ತದ ಹೊಟ್ಟು, ಅಡಿಕೆ ಸಿಪ್ಪೆಯ ನಾರು ಸೇರಿಸಿ ಕಟ್ಟಿದ ಒಂದು ಹೆರಿಗೆ ಮನೆ! ಗಾಜಿನ ಕೆಳಗಿನ ಗಾಳಿಕಿಂಡಿಯಿಂದ ಇಲಿ ಒಳಬಂದಿತ್ತು. ರೆಸಿಸ್ಟರನ್ನು ಗಾಳಿ ಹಾಯುವ ಹಾದಿಯಲ್ಲೇ ಕೂರಿಸಿರುತ್ತಾರೆ, ಬ್ಲೋವರಿನ ಗಾಳಿಯೇ ಅದನ್ನು ತಣ್ಣಗಿಡಬೇಕು. ದಾರಿ ಕಟ್ಟಿದರೆ ಅದು ಕಾದು ಸುಡುತ್ತದೆ. ಮೋಟರಿನ ಬುಷ್ ಬಿಗಿಯಾಗಿ ಹೆಚ್ಚು ಕರೆಂಟು ಎಳೆದರೂ ಅದೇ ಗತಿ. ಆಗ ವೈರಿನ ಕನೆಕ್ಟರೂ ಕರಗಿ ಕಂದಿರುತ್ತದೆ. ಕಾರಣ ಹುಡುಕದೆ ಬರೀ ರೆಸಿಸ್ಟರ್ ಬದಲಿಸಿದರೆ ಮೆಕ್ಯಾನಿಕ್ಕಿನ ಮನೆಯವರಿಗೆ ನಮ್ಮ ಕುಲಗೋತ್ರವೆಲ್ಲ ಪರಿಚಯವಾಗುತ್ತದೆ.

ಗಾಳಿ ಬಂದರೂ ಬಿಸಿಯಾಗದಿದ್ದರೆ ಅದು ಬೇರೆ ಅಧ್ಯಾಯ. ಕಾರಿನ ಹೀಟರಿಗೆ ಪ್ರತ್ಯೇಕ ಒಲೆಯಿಲ್ಲ. ಎಂಜಿನ್ನಿನಲ್ಲಿ ಸುಮಾರು 90 ಡಿಗ್ರಿಗೆ ಕಾದ ಕೂಲಂಟ್ ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿನ ಪುಟ್ಟ ರೇಡಿಯೇಟರಿಗೆ ಹೋಗಿ ಬರುತ್ತದೆ. ಎಂಜಿನ್ ಕಾದಮೇಲೆ ಆ ಪೈಪುಗಳನ್ನು ಹುಷಾರಾಗಿ ಮುಟ್ಟಿ ನೋಡಿದರೆ ಅರ್ಧ ರೋಗ ತಿಳಿಯುತ್ತದೆ. ಎರಡೂ ಬಿಸಿಯಿದ್ದು ಗಾಳಿ ತಣ್ಣಗಿದ್ದರೆ ನಾಬಿನ ಕೇಬಲ್ಲೋ ಅದು ತಿರುಗಿಸುವ ಒಳಗಿನ ಗಾಳಿಬಾಗಿಲೋ ಜಾರಿದೆ. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ನಡುವೆ ಎಲ್ಲೋ ಕಟ್ಟಿಕೊಂಡಿದೆ. ಎರಡೂ ಉಗುರುಬೆಚ್ಚಗಿದ್ದರೆ ಕೂಲಂಟ್ ಕಡಿಮೆಯಾಗಿರಬಹುದು, ಇಲ್ಲವೇ ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು. ಕಾರಿನೊಳಗೆ ಸಿಹಿ ವಾಸನೆ ಬಂದು ಗಾಜಿಗೆ ಜಿಡ್ಡು ಮಬ್ಬು ಕೂತರೆ ಪ್ರಸಾದ ಎಂದುಕೊಳ್ಳಬೇಡಿ, ಒಳಗಿನ ರೇಡಿಯೇಟರ್ ಸೋರುತ್ತಿದೆ, ಕೂಲಂಟ್ ವಿಷ.

ಹೀಟರಿಗೆ ಇನ್ನೊಂದು ಉಪಯೋಗವಿದೆ. ಮೇ ತಿಂಗಳಲ್ಲಿ ಆಗುಂಬೆ ಘಾಟಿಯ 14 ತಿರುವುಗಳನ್ನು ತುಂಬಿದ ಕಾರಿನಲ್ಲಿ ಹತ್ತುವಾಗ ಎಂಜಿನ್ ಕಾಯತೊಡಗಿದರೆ, ಅನುಭವಸ್ಥ ಡ್ರೈವರುಗಳು ಎಸಿ ಆರಿಸಿ ಹೀಟರನ್ನು ಪೂರ್ತಿ ತಿರುಗಿಸುತ್ತಾರೆ. ಎಂಜಿನ್ನಿನ ಬಿಸಿ ಒಂದಿಷ್ಟು ಪ್ರಯಾಣಿಕರ ಪಾಲಿಗೆ ಬರುತ್ತದೆ. ಎಂಜಿನ್ ಉಳಿಯುತ್ತದೆ, ನೆಂಟಸ್ತಿಕೆ ಉಳಿಯುವ ಬಗ್ಗೆ ಗ್ಯಾರಂಟಿ ಇಲ್ಲ.

ಮಳೆಗಾಲಕ್ಕೆ ಮುಂಚೆ ಒಂದು ದಿನ ಫ್ಯಾನನ್ನು ಒಂದರಿಂದ ನಾಲ್ಕರವರೆಗೆ ಹಾಕಿ ಕಿವಿಗೊಡಿ, ಎಂಜಿನ್ ತಣ್ಣಗಿರುವಾಗ ಕೂಲಂಟ್ ನೋಡಿ, ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ನಾಲ್ಕರಲ್ಲಿ ಚೆನ್ನಾಗಿ ತಿರುಗುವ ಫ್ಯಾನಿಗೆ ಯಾರಾದರೂ ಹೊಸ ಮೋಟರ್ ಹಾಕೋಣ ಅಂದರೆ, ಮೊದಲು ರೆಸಿಸ್ಟರನ್ನೂ ಫಿಲ್ಟರನ್ನೂ ಬಿಚ್ಚಿ ತೋರಿಸಲು ಹೇಳಿ. ದುಡ್ಡಿನ ಮಾತು ಆಮೇಲೆ.