ಬೀಸುಗೂಲಿ ಮೀಮಾಂಸೆ

ಯಾವ ಶಾಸ್ತ್ರಗ್ರಂಥವನ್ನೇ ಆಗಲಿ ಆರಂಭಿಸುವ ಮುನ್ನ ಅದರ ವಿಷಯವೇನು, ಪ್ರಯೋಜನವೇನು, ಅವೆರಡಕ್ಕೂ ಸಂಬಂಧವೇನು, ಅದಕ್ಕೆ ಅಧಿಕಾರಿ ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿಯೇ ಮುಂದುವರಿಯಬೇಕೆಂದು ನಮ್ಮ ಪ್ರಾಚೀನರು ವಿಧಿಸಿದರು. ಮತ್ತು ಈ ಅನುಬಂಧಚತುಷ್ಟಯವನ್ನು ಅವರು ಸಾಮಾನ್ಯವಾಗಿ ಅರ್ಧ ಪುಟದಲ್ಲಿ ಮುಗಿಸುತ್ತಿದ್ದರು. ಅಮೆರಿಕಾ ಸಂಯುಕ್ತ ಸಂಸ್ಥಾನದ ನ್ಯಾಯಾಲಯಗಳು ಇವುಗಳ ಪೈಕಿ ಕಡೆಯದೊಂದನ್ನೇ, ಎಂದರೆ ‘ಅಧಿಕಾರಿ ಯಾರು’ ಎಂಬುದನ್ನೇ, 2017ರ ಜನವರಿಯಿಂದ 2021ರ ಜನವರಿಯವರೆಗೆ ನಾಲ್ಕು ಸಂವತ್ಸರ ಪರಾಮರ್ಶಿಸಿ, ಬಳಿಕ ಗ್ರಂಥವನ್ನೇ ಮುಚ್ಚಿ ಕಪಾಟಿಗೆ ಸೇರಿಸಿದ ಅಪೂರ್ವ ವೃತ್ತಾಂತವೇ ಈ ಲಘು ಮೀಮಾಂಸೆಯ ವಿಷಯ. ಪ್ರಯೋಜನವನ್ನು, ಅದೊಂದು ಇರುವುದಾದರೆ, ಕೊನೆಯಲ್ಲಿ ಹೇಳುವೆನು.

ಪ್ರಥಮತಃ ಶಬ್ದನಿರ್ಣಯ. 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಕಲೆತ ಆ ದೇಶದ ಸ್ಮೃತಿಕಾರರು, ರಾಷ್ಟ್ರದ ಅಧೀನದಲ್ಲಿ ಲಾಭದ ಅಥವಾ ವಿಶ್ವಾಸದ ಹುದ್ದೆಯಲ್ಲಿರುವ ಯಾವನೂ ಕಾಂಗ್ರೆಸ್ಸಿನ ಸಮ್ಮತಿಯಿಲ್ಲದೆ ಪರದೇಶದ ರಾಜನಿಂದಾಗಲಿ, ರಾಜಕುಮಾರನಿಂದಾಗಲಿ, ರಾಜ್ಯದಿಂದಾಗಲಿ ಉಡುಗೊರೆಯನ್ನೂ ಪದವಿಯನ್ನೂ ಬಿರುದನ್ನೂ ‘ಎಮಾಲ್ಯುಮೆಂಟ್’ ಎಂಬ ಇನ್ನೊಂದು ವಸ್ತುವನ್ನೂ ಸ್ವೀಕರಿಸಕೂಡದೆಂದು ಸಂವಿಧಾನದಲ್ಲಿ ಬರೆದಿಟ್ಟರು. ನಮ್ಮ ಸಂವಿಧಾನದ 18ನೆಯ ಅನುಚ್ಛೇದದಲ್ಲಿಯೂ ಇದರ ಸಹೋದರವೆನ್ನಬಹುದಾದ ವಿಧಿಯೊಂದಿದೆ. ಆದರೆ ಅಲ್ಲಿ ಸಮ್ಮತಿ ಕೊಡತಕ್ಕವರು ರಾಷ್ಟ್ರಪತಿಗಳು. ಈ ‘ಎಮಾಲ್ಯುಮೆಂಟ್’ ಎಂಬುದು ಲ್ಯಾಟಿನ್ ಭಾಷೆಯ ‘ಬೀಸಿ ಹೊರತೆಗೆ’ ಎಂಬ ಧಾತುವಿನಿಂದ ಹುಟ್ಟಿ, ಮೂಲದಲ್ಲಿ ಹಿಟ್ಟಿನ ಗಿರಣಿಯವನಿಗೆ ಸಲ್ಲುತ್ತಿದ್ದ ಕೂಲಿಯನ್ನು ಸೂಚಿಸುತ್ತಿದ್ದಿರಬೇಕೆಂದು ನಿರುಕ್ತಕಾರರ ಊಹೆ. ಆದುದರಿಂದ ನಾವು ಇದನ್ನು ‘ಬೀಸುಗೂಲಿ’ ಎಂದು ಕರೆಯುವೆವು.

ಶಬ್ದಪ್ರಮಾಣವೊಂದನ್ನೇ ನೆಚ್ಚಿ ಕುಳಿತುಕೊಳ್ಳುವುದು ಪಂಡಿತನಿಗೆ ಶೋಭಿಸದೆಂದು ಬಗೆದು, ಪ್ರತ್ಯಕ್ಷಪ್ರಮಾಣದ ಸಂಪಾದನೆಗಾಗಿ ಈ ಲೇಖಕನು ಐದು ಸೇರು ಅಕ್ಕಿಯನ್ನು ಡಬ್ಬದಲ್ಲಿ ತುಂಬಿಕೊಂಡು ಬೀದಿಯ ಕೊನೆಯ ಗಿರಣಿಗೆ ಹೋದನು. ಪಟ್ಟೆ ಪಟಪಟನೆ ತಿರುಗುತ್ತಿತ್ತು. ಗಿರಣಿಯವನ ಹುಬ್ಬು, ಮೀಸೆ, ಕಿವಿಯ ಮೇಲಿನ ರೋಮ ಸರ್ವವೂ ಶ್ವೇತವರ್ಣವನ್ನು ತಾಳಿ, ಆತನು ಹಿಮವತ್ಪರ್ವತದಿಂದ ಈಗತಾನೆ ಇಳಿದುಬಂದ ತಪಸ್ವಿಯಂತೆ ಕಾಣುತ್ತಿದ್ದನು. “ಏನಪ್ಪಾ, ಡಬ್ಬ ಸ್ವಲ್ಪ ಹಗುರವಾದಂತಿದೆಯಲ್ಲ?” ಎಂದು ಕೇಳಿದೆನು. “ನಾನೇನೂ ತಗೊಂಡಿಲ್ಲ ಸ್ವಾಮಿ. ಹಾರೋದು ಹಾರ್ತದೆ, ಕೂರೋದು ಕೂರ್ತದೆ,” ಎಂದು ಆತನು ನಿರ್ವಿಕಾರಚಿತ್ತದಿಂದ ಉತ್ತರ ಕೊಟ್ಟನು. ಪ್ರಕೃತ ವ್ಯಾಜ್ಯದ ಸಮಸ್ತ ಪೂರ್ವಪಕ್ಷವೂ ಈ ಎರಡು ವಾಕ್ಯಗಳಲ್ಲಿ ಅಡಗಿದೆಯೆಂಬುದನ್ನು ವಾಚಕರು ಮುಂದೆ ಕಾಣುವರು.

ಇನ್ನು ಶಿಷ್ಟಾಚಾರ. ಸಂವಿಧಾನ ಹುಟ್ಟುವುದಕ್ಕೆ ಎರಡು ವರ್ಷ ಮೊದಲು, 1785ರಲ್ಲಿ, ಫ್ರಾನ್ಸಿನ ಹದಿನಾರನೆಯ ಲೂಯಿಯು ಬೆಂಜಮಿನ್ ಫ್ರಾಂಕ್ಲಿನ್ನನಿಗೆ ತನ್ನ ಭಾವಚಿತ್ರವನ್ನು 408 ವಜ್ರಗಳ ನಡುವೆ ಕೂಡಿಸಿದ ನಸ್ಯದ ಡಬ್ಬಿಯೊಂದನ್ನು ದಯಪಾಲಿಸಲು, ಆ ವೃದ್ಧನು ಅದನ್ನು ಕಾಂಗ್ರೆಸ್ಸಿನ ಮುಂದಿಟ್ಟು, ಅವರು ಹೂಂ ಎಂದ ಮೇಲೆಯೇ ಇಟ್ಟುಕೊಂಡನು. 1840ರಲ್ಲಿ ಮಸ್ಕತ್ತಿನ ದೊರೆಯು ಅರಬ್ಬೀ ಕುದುರೆಗಳನ್ನೂ ಮುತ್ತುಗಳನ್ನೂ ಹಡಗಿನಲ್ಲಿ ಕಳುಹಿದಾಗ ಅಧ್ಯಕ್ಷ ವ್ಯಾನ್ ಬ್ಯೂರೆನ್ನನು ಏನು ಮಾಡಲೆಂದು ಕಾಂಗ್ರೆಸ್ಸನ್ನು ಕೇಳಿದನು. ಮಾರಿ ಬೊಕ್ಕಸಕ್ಕೆ ಕಟ್ಟೆಂದು ಉತ್ತರ ಬಂದಿತು. ಸಯಾಮಿನ ಅರಸನು ಖಡ್ಗವನ್ನೂ ಆನೆಯ ದಂತಗಳನ್ನೂ ಕಳುಹಿ, ಬೇಕಾದರೆ ಜೀವಂತ ಆನೆಗಳನ್ನೂ ಕೊಡುವೆನೆಂದಾಗ, 1862ರಲ್ಲಿ ಲಿಂಕನ್ನನು ತನ್ನ ದೇಶದ ಅಕ್ಷಾಂಶವು ಆನೆಗಳ ಸಂತಾನಕ್ಕೆ ಅನುಕೂಲವಲ್ಲವೆಂದೂ, ಅಲ್ಲಿ ಹೊರೆ ಎಳೆಯಲು ಉಗಿಯಂತ್ರವೇ ಸಾಕೆಂದೂ ವಿನಯಪೂರ್ವಕವಾಗಿ ಬಿನ್ನವಿಸಿಕೊಂಡನು. ದಂತಗಳನ್ನು ಕಾಂಗ್ರೆಸ್ಸು ಸರ್ಕಾರದ ವಶಕ್ಕೆ ಸೇರಿಸಿತು. ಹೀಗೆ ಎಪ್ಪತ್ತೈದು ವರ್ಷಗಳ ಶಿಷ್ಟಾಚಾರವನ್ನು ಒಂದೇ ಸೂತ್ರದಲ್ಲಿ ಸಂಗ್ರಹಿಸಬಹುದು: ಮೊದಲು ತೂಕ, ಆಮೇಲೆ ಬೀಸು.

ಬಹುಕಾಲದ ಮೇಲೆ ಶ್ರೀಮಾನ್ ಡೊನಾಲ್ಡ್ ಟ್ರಂಪ್ ಎಂಬ ಹೋಟೆಲು ಮಾಲೀಕರು ಅಧ್ಯಕ್ಷಪೀಠಕ್ಕೆ ಬಂದರು. ತಮ್ಮ ವ್ಯಾಪಾರವನ್ನು ಅವರು ಮಾರಲಿಲ್ಲ. ಮಕ್ಕಳ ಕೈಗೆ ಆಡಳಿತವನ್ನೊಪ್ಪಿಸಿ ಒಡೆತನವನ್ನು ಉಳಿಸಿಕೊಂಡರು. 2017ರ ಜನವರಿ 11ರಂದು ಮೇಜಿನ ಮೇಲೆ ಕಾಗದದ ಕಡತಗಳನ್ನು ಗೋಪುರವಾಗಿ ಪೇರಿಸಿ, ಇವೇ ವಿರಕ್ತಿಯ ದಸ್ತಾವೇಜುಗಳೆಂದು ತೋರಿಸಲಾಯಿತು. ಅವನ್ನು ಬಿಡಿಸಿ ನೋಡುವ ಭಾಗ್ಯವು ಪತ್ರಕರ್ತರಿಗೆ ಒದಗಲಿಲ್ಲ. ಮಾಲೀಕರ ವಕೀಲರು ಅಂದೇ ಪೂರ್ವಪಕ್ಷವನ್ನು ಮಂಡಿಸಿದರು: ಪರದೇಶದ ರಾಯಭಾರಿಯು ಹೋಟೆಲಿನಲ್ಲಿ ಕೊಠಡಿ ಹಿಡಿದು ಬಾಡಿಗೆ ತೆತ್ತರೆ ಅದು ಉಡುಗೊರೆಯಲ್ಲ, ಹುದ್ದೆಗೂ ಅದಕ್ಕೂ ನಂಟಿಲ್ಲ, ಆದುದರಿಂದ ಬೀಸುಗೂಲಿಯೂ ಅಲ್ಲ. ಹಾಗಿದ್ದೂ ವಿದೇಶಿ ಸರ್ಕಾರಗಳಿಂದ ಬಂದ ಲಾಭವೆಂದು ಬೊಕ್ಕಸಕ್ಕೆ 2017ರ ಬಾಬ್ತು 1,51,470 ಡಾಲರುಗಳನ್ನು ಸಂಸ್ಥೆಯವರು ಕಟ್ಟಿದರು. ಲಾಭದ ಲೆಕ್ಕ ಹಾಕಿದವರೂ ಅವರೇ. ಮೀಸೆಗೆ ಅಂಟಿದ ಹಿಟ್ಟನ್ನು ಗಿರಣಿಯವನೇ ಅಂದಾಜು ಮಾಡಿ ಒಂದು ಚಿಟಿಕೆಯನ್ನು ಹಿಂದಿರುಗಿಸಿದ ದೃಷ್ಟಾಂತವು ಲೋಕದಲ್ಲಿ ಇದೊಂದೇ ಇರಬಹುದು.

ಆ ಹೋಟೆಲಿನ ವಿಚಾರದಲ್ಲಿ ಒಂದು ಸ್ವಾರಸ್ಯವಿದೆ. ಅದು ವಾಷಿಂಗ್ಟನ್ನಿನಲ್ಲಿ ಶ್ವೇತಭವನದಿಂದ ನಡೆದು ಹೋಗುವಷ್ಟು ಸಮೀಪದಲ್ಲಿ, ಗಡಿಯಾರದ ಗೋಪುರವುಳ್ಳ ಹಳೆಯ ಅಂಚೆ ಕಚೇರಿಯ ಕಟ್ಟಡ, ಸರ್ಕಾರದ ಸ್ವತ್ತು, 2013ರಲ್ಲಿ 60 ವರ್ಷಕ್ಕೆ ಗುತ್ತಿಗೆ ಪಡೆದದ್ದು. ಚುನಾಯಿತ ಅಧಿಕಾರಿ ಯಾರೂ ಈ ಗುತ್ತಿಗೆಯಲ್ಲಿ ಪಾಲು ಪಡೆಯಕೂಡದೆಂಬ ಮಾತು ಕರಾರಿನಲ್ಲಿಯೇ ಇದ್ದಿತು. ಆದರೆ ಗುತ್ತಿಗೆ ಕೊಟ್ಟ ಇಲಾಖೆಯ ಮುಖ್ಯಸ್ಥನನ್ನು ನೇಮಿಸುವವರು ಅಧ್ಯಕ್ಷರು. ಗುತ್ತಿಗೆ ಪಡೆದವರೂ ಅವರೇ. ಬಾಡಿಗೆದಾರನೂ ಮನೆಯ ಯಜಮಾನನೂ ಪರಮಾರ್ಥದಲ್ಲಿ ಬೇರೆಯಲ್ಲವೆಂಬ ಈ ಅಭೇದವನ್ನು ಶಂಕರ ಭಗವತ್ಪಾದರೂ ಇಷ್ಟು ಸುಲಭವಾಗಿ ಸಾಧಿಸಲಿಲ್ಲ. 2017ರ ಮಾರ್ಚಿಯಲ್ಲಿ ಇಲಾಖೆಯು ಕರಾರಿಗೆ ಯಾವ ಭಂಗವೂ ಬಂದಿಲ್ಲವೆಂದು ತೀರ್ಮಾನಿಸಿತು.

ಈಗ ಅಧಿಕಾರಿ ಪ್ರಕರಣ. ಮೂರು ಮೊಕದ್ದಮೆಗಳು ಹೂಡಲ್ಪಟ್ಟವು. ಮೊದಲನೆಯದರಲ್ಲಿ ಸಾರ್ವಜನಿಕ ಸಂಸ್ಥೆಯೊಂದೂ, ಹೋಟೆಲು ಉಪಾಹಾರಗೃಹಗಳ ಕಸುಬಿನವರೂ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋಗಿ, ನಮ್ಮ ಗಿರಾಕಿಗಳು ಅತ್ತ ಹರಿದರೆಂದು ಮೊರೆಯಿಟ್ಟರು. ಗಿರಾಕಿಯು ಊಟದ ರುಚಿಗೋ ದರಕ್ಕೋ ಮರುಳಾಗಿಯೂ ಹೋಗಬಹುದಲ್ಲವೆ ಎಂದು ನ್ಯಾಯಾಧೀಶರು 2017ರ ಡಿಸೆಂಬರಿನಲ್ಲಿ ತಳ್ಳಿಹಾಕಿದರು. 2019ರಲ್ಲಿ ಮೇಲಿನವರು ಅದನ್ನು ಮರಳಿ ಎತ್ತಿ ನಿಲ್ಲಿಸಿದರು. ಎರಡನೆಯದನ್ನು ಮೇರಿಲ್ಯಾಂಡ್ ರಾಜ್ಯವೂ ವಾಷಿಂಗ್ಟನ್ ನಗರವೂ ಹೂಡಿದವು. ಮೂರನೆಯದನ್ನು ಕಾಂಗ್ರೆಸ್ಸಿನ 215 ಸದಸ್ಯರು ಹೂಡಿ, ಸಮ್ಮತಿ ಕೊಡಬೇಕಾದವರು ನಾವು, ನಮ್ಮನ್ನು ಯಾರೂ ಕೇಳಲೇ ಇಲ್ಲವೆಂದರು. 535 ಮಂದಿಯ ಮನೆಯಲ್ಲಿ 215 ಮಂದಿ ಮನೆಯಾಗಲಾರರು, ಹೋಗಿ ನಿಮ್ಮ ಜತೆಯವರನ್ನು ಒಡಂಬಡಿಸಿರೆಂದು 2020ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯವು ಕಳುಹಿಸಿಬಿಟ್ಟಿತು. ಸ್ಪರ್ಧಿಯು ಕೇಳಿದರೆ ನಿನಗೇನು ನಷ್ಟ, ರಾಜ್ಯವು ಕೇಳಿದರೆ ನಿನಗೇನು ಸಂಬಂಧ, ಸಭೆಯ ಸದಸ್ಯನು ಕೇಳಿದರೆ ನೀನೊಬ್ಬನೇ ಏಕೆ ಎಂಬೀ ತ್ರಿವಿಧ ಪ್ರಶ್ನೆಗಳ ನಡುವೆ, ಅಕ್ಕಿಯ ಡಬ್ಬ ಯಾರದೆಂಬುದೇ ತಿಳಿಯದೆ ಹೋಯಿತು.

ಮೇರಿಲ್ಯಾಂಡಿನ ನ್ಯಾಯಾಧೀಶ ಪೀಟರ್ ಮೆಸಿಟ್ ಅವರೊಬ್ಬರು ಮಾತ್ರ 2018ರ ಜುಲೈಯಲ್ಲಿ ಸಾಹಸ ಮಾಡಿ ವಿಷಯಕ್ಕೇ ಕೈ ಹಾಕಿದರು. ಹದಿನೆಂಟನೆಯ ಶತಮಾನದ ನಿಘಂಟುಗಳನ್ನು ಧೂಳು ಕೊಡವಿ ತೆರೆಯಲಾಯಿತು. ಅಧ್ಯಕ್ಷರ ಪಕ್ಷದವರು ಬೀಸುಗೂಲಿಯೆಂದರೆ ಹುದ್ದೆಯ ಸೇವೆಗೆಂದೇ ಸಲ್ಲುವ ಸಂಬಳವೆಂದು ವಾದಿಸಿದರು. ನ್ಯಾಯಾಧೀಶರು ಲಾಭ, ಗಳಿಕೆ, ಅನುಕೂಲ ಯಾವುದಾದರೂ ಅದರೊಳಗೆ ಬರುವುದೆಂದು ಸಿದ್ಧಾಂತ ಮಾಡಿದರು. ಮರುವರ್ಷ ಮೇಲಿನ ಮೂವರು ಇದನ್ನು ಅಳಿಸಿದರು; 2020ರ ಮೇ ತಿಂಗಳಲ್ಲಿ ಪೂರ್ಣಪೀಠದ ಒಂಬತ್ತು ಮಂದಿ, ಆರು ಮಂದಿಯ ಭಿನ್ನಮತವನ್ನು ಮೀರಿ, ಮೊಕದ್ದಮೆಗೆ ಮತ್ತೆ ಜೀವ ಕೊಟ್ಟರು. ಹಿಟ್ಟನ್ನೇ ಮತ್ತೆ ಬೀಸುವುದಕ್ಕೆ ನಮ್ಮ ಶಾಸ್ತ್ರಕಾರರು ಪಿಷ್ಟಪೇಷಣ ನ್ಯಾಯವೆಂದು ಹೆಸರಿಟ್ಟಿದ್ದಾರೆ. ಅವರಿಗೆ ಇಂಥ ಉತ್ತಮ ಉದಾಹರಣೆ ದೊರೆತಿರಲಿಲ್ಲ.

2021ರ ಜನವರಿ 20ರಂದು ಅಧ್ಯಕ್ಷರು ಪೀಠದಿಂದ ಇಳಿದರು. ಐದು ದಿನಗಳ ತರುವಾಯ ಪರಮೋಚ್ಚ ನ್ಯಾಯಾಲಯವು ಉಳಿದಿದ್ದ ಎರಡು ಮೊಕದ್ದಮೆಗಳೂ ಈಗ ಅಪ್ರಸ್ತುತವೆಂದು ಸಾರಿ, ಕೆಳಗಿನವರ ತೀರ್ಪುಗಳನ್ನೂ ಅಳಿಸಿಹಾಕಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ಇಲ್ಲಿ ಅನ್ವಯಿಸದು. ಇಲ್ಲಿ ದಿಡ್ಡಿ ಬಾಗಿಲನ್ನು ಯಾರು ಹಾಕಬೇಕೆಂಬ ಚರ್ಚೆ ಮುಗಿಯುವ ಮುನ್ನ ಸೂರೆಕಾಲವೇ ಮುಗಿದಿತ್ತು. ಮೂರು ವರ್ಷ ಕಳೆದು, 2024ರ ಜನವರಿಯಲ್ಲಿ, ಕೆಳಮನೆಯ ಸಮಿತಿಯೊಂದರ ಡೆಮಾಕ್ರಟಿಕ್ ಪಕ್ಷದ ಸದಸ್ಯರು ತಮಗೆ ದೊರೆತಷ್ಟು ಲೆಕ್ಕಪತ್ರಗಳನ್ನು ಜಾಲಿಸಿ, 20 ವಿದೇಶಿ ಸರ್ಕಾರಗಳಿಂದ ಕನಿಷ್ಠ 78 ಲಕ್ಷ ಡಾಲರುಗಳು ಆ ಉದ್ಯಮಗಳಿಗೆ ಸಂದಿದ್ದವೆಂದು ಪ್ರಕಟಿಸಿದರು. ಹಿಟ್ಟನ್ನು ತೂಗುವಾಗ ಗಿರಣಿಯೇ ಬಾಗಿಲು ಮುಚ್ಚಿತ್ತು. 2025ರ ಜನವರಿಯಲ್ಲಿ ಅದೇ ಯಜಮಾನರು ಮರಳಿ ಬಾಗಿಲು ತೆರೆದರು. ಮೇ ತಿಂಗಳಲ್ಲಿ ಕತಾರ್ ದೇಶವು ಕೊಟ್ಟ ಬೋಯಿಂಗ್ 747 ವಿಮಾನವನ್ನು ರಕ್ಷಣಾ ಇಲಾಖೆಯು ಅಧ್ಯಕ್ಷರ ಪ್ರಯಾಣಕ್ಕೆಂದು ಸ್ವೀಕರಿಸಿತು. ವಿಮಾನಕ್ಕೆ ಅಕ್ಷಾಂಶದ ತೊಡಕಿಲ್ಲ.

ಉಳಿದದ್ದು ಪ್ರಯೋಜನ. ಕಾಳಿಲ್ಲದೆ ಕಲ್ಲನ್ನು ನಾಲ್ಕು ವರ್ಷ ತಿರುಗಿಸುವ ಕ್ರಿಯೆಗೆ ಪ್ರಾಚೀನರಲ್ಲಿ ಹೆಸರಿಲ್ಲದಿರುವುದರಿಂದ, ‘ಶೂನ್ಯಪೇಷಣ ನ್ಯಾಯ’ ಎಂಬ ಅಭಿಧಾನವನ್ನು ವಿದ್ವಾಂಸರ ಅವಗಾಹನೆಗೆ ಅರ್ಪಿಸಿದ್ದೇನೆ. ಲೌಕಿಕ ಪ್ರಯೋಜನಕ್ಕಾಗಿ, ಫ್ರಾಂಕ್ಲಿನ್ನನ ಸೂತ್ರವನ್ನು ನೆನೆದು, ಕಳೆದ ವಾರ ಗಿರಣಿಗೆ ಹೋದವನು ಅಕ್ಕಿಯನ್ನು ಬೀಸುವ ಮೊದಲು ತೂಗಬೇಕೆಂದು ಹಟ ಹಿಡಿದೆನು. ಗಿರಣಿಯವನು ಸ್ವಲ್ಪವೂ ಬೇಸರಿಸಲಿಲ್ಲ. ಹೆಗಲ ಮೇಲಿನ ಟವಲಿನಿಂದ ಮೀಸೆಯನ್ನು ಒರೆಸಿಕೊಂಡು, “ಧಾರಾಳವಾಗಿ ತೂಗಿ ಸ್ವಾಮಿ,” ಎಂದು ಗೋಡೆಯತ್ತ ಕೈ ತೋರಿದನು. ಅಲ್ಲಿ ಅವನದೇ ತಕ್ಕಡಿಯು ಬಿಳಿಯ ಹಿಟ್ಟು ಮೆತ್ತಿಕೊಂಡು ತೂಗಾಡುತ್ತಿದ್ದಿತು.